ಶೆಫೀಲ್ಡ್‌ನಲ್ಲಿ ನಿವೃತ್ತರ ದಿನಚರಿ: ಏರು, ತೇವ ಮತ್ತು ನಾಲ್ಕು ಗಂಟೆಯ ಕತ್ತಲು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಉತ್ತರ ಭಾಗದ ಶೆಫೀಲ್ಡ್ ನಗರದಿಂದ ಬಂದಿವೆ. ಬರೆದವರೆಲ್ಲ ನಿವೃತ್ತರು. ಕೆಲವರು ಅಲ್ಲೇ ದುಡಿದು ನೆಲೆಸಿದವರು, ಉಳಿದವರು ಮಕ್ಕಳ ಮನೆಗೆಂದು ಆರು ತಿಂಗಳ ವೀಸಾದಲ್ಲಿ ಹೋದವರು. ಇಬ್ಬರಿಗೂ ನಿಯಮ ಬೇರೆ ಬೇರೆ. ಪತ್ರಗಳಲ್ಲಿ ಕಂಡ ಗೊಂದಲದಲ್ಲಿ ಅರ್ಧ ಇಲ್ಲಿಂದಲೇ ಹುಟ್ಟಿದ್ದು, ಹಾಗಾಗಿ ಯಾವ ಉತ್ತರ ಯಾರಿಗೆ ಎಂಬುದನ್ನು ಅಲ್ಲಲ್ಲೇ ಹೇಳಿದ್ದೇವೆ.

ಪ್ರಶ್ನೆ: ವಾಕ್ಲಿಯಲ್ಲಿ ಮಗನ ಮನೆ. ನೂರು ವರ್ಷ ದಾಟಿದ ಸಾಲು ಮನೆ. ಹೀಟಿಂಗ್ ಹಾಕಿದರೂ ಮಲಗುವ ಕೋಣೆಯ ಗೋಡೆ ಬೆವರುತ್ತದೆ, ಬೀರುವಿನ ಹಿಂದೆ ಕಪ್ಪು ಬೂಷ್ಟು. ಹೊರಗೆ ಸದಾ ಮಳೆ, ಕಿಟಕಿ ತೆಗೆದರೆ ಇನ್ನಷ್ಟು ತೇವ ಒಳಗೆ ಬರುವುದಿಲ್ಲವೇ?

ಉತ್ತರ: ಬರುವುದಿಲ್ಲ. ಹೋಗುತ್ತದೆ. ನಂಬುವುದು ಕಷ್ಟ, ಆದರೆ ಲೆಕ್ಕ ನೋಡಿ. ಹೊರಗೆ 5 ಡಿಗ್ರಿ ಚಳಿ, ತೇವಾಂಶ ಶೇಕಡಾ 90 ಇದ್ದರೂ ಆ ಗಾಳಿಯ ಒಂದು ಘನ ಮೀಟರ್‌ನಲ್ಲಿರುವ ನೀರು ಸುಮಾರು 6 ಗ್ರಾಂ ಮಾತ್ರ. ಅದೇ ಗಾಳಿ ಮನೆಯೊಳಗೆ ಬಂದು 20 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇಕಡಾ 35ಕ್ಕೆ ಇಳಿಯುತ್ತದೆ. ತಣ್ಣನೆಯ ಗಾಳಿ ಒಣ ಗಾಳಿಯೇ. ಮನೆಯ ತೇವವನ್ನು ಹುಟ್ಟಿಸುತ್ತಿರುವುದು ಮನೆಯವರೇ.

ಒಳಗಿನ ಗಾಳಿ 20 ಡಿಗ್ರಿ, ತೇವಾಂಶ ಶೇಕಡಾ 60 ಇದ್ದಾಗ 12 ಡಿಗ್ರಿಗಿಂತ ತಣ್ಣಗಿರುವ ಯಾವ ಗೋಡೆಯ ಮೇಲಾದರೂ ನೀರು ಕೂರುತ್ತದೆ. ವಾಕ್ಲಿ, ಕ್ರುಕ್ಸ್ ಕಡೆಯ ಹಳೆಯ ಮನೆಗಳ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆ ಗೋಡೆ ಅಥವಾ ಕಲ್ಲು ಗೋಡೆ. ನಡುವೆ ಟೊಳ್ಳು ಬಿಟ್ಟು ಕಟ್ಟಿದ್ದಲ್ಲ, ಅದಕ್ಕೇ ಬೇಗ ತಣ್ಣಗಾಗುತ್ತದೆ. ಅದರ ಮೂಲೆಗೆ ಬೀರು ಅಂಟಿಸಿಟ್ಟರೆ ಬೆಚ್ಚನೆಯ ಗಾಳಿ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಬೀರುವನ್ನು ಒಳಗೋಡೆಗೆ ಸರಿಸಿ. ಆಗದಿದ್ದರೆ ಹಿಂದೆ ನಾಲ್ಕು ಬೆರಳಷ್ಟಾದರೂ ಸಂದು ಬಿಡಿ.

ನೀರು ಎಲ್ಲಿಂದ ಬರುತ್ತದೆ? ಮೊದಲನೆಯದು ಬಟ್ಟೆ. ಯಂತ್ರದಿಂದ ತೆಗೆದ ಒಂದು ಗಂಟು ಬಟ್ಟೆ ರೇಡಿಯೇಟರ್ ಮೇಲೆ ಒಣಗುವಾಗ ಸುಮಾರು ಎರಡು ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಬಟ್ಟೆಯನ್ನು ಬಚ್ಚಲಲ್ಲೇ ಸ್ಟ್ಯಾಂಡ್ ಮೇಲೆ ಹರವಿ, ಬಾಗಿಲು ಮುಚ್ಚಿ, ಫ್ಯಾನ್ ಓಡಿಸಿ. ಎರಡನೆಯದು ಅಡುಗೆ. ಒಲೆಯ ಮೇಲಿನ ಹುಡ್ ಗಾಳಿಯನ್ನು ಹೊರಗೆ ಬಿಡುತ್ತದೋ ಅಥವಾ ಇದ್ದಿಲಿನ ಫಿಲ್ಟರ್ ಮೂಲಕ ಅದನ್ನೇ ಅಡುಗೆಮನೆಗೆ ವಾಪಸ್ ಊದುತ್ತದೋ ನೋಡಿ. ಎರಡನೆಯ ಬಗೆಯದು ಎಷ್ಟೋ ಮನೆಗಳಲ್ಲಿದೆ. ಅದು ವಾಸನೆಯನ್ನು ತುಸು ಹಿಡಿಯುತ್ತದೆ, ಹಬೆಯನ್ನು ಹಿಡಿಯುವುದಿಲ್ಲ. ಅಂಥ ಕಡೆ ಕುಕ್ಕರ್ ಕೂಗುವಾಗ ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆಗೆಯುವುದೇ ದಾರಿ.

ಬೆಳಿಗ್ಗೆ, ಸಂಜೆ ಹತ್ತತ್ತು ನಿಮಿಷ ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆಗೆಯಿರಿ. ದಿನವಿಡೀ ಒಂದು ಬೆರಳು ಸಂದು ಬಿಟ್ಟು ಕೂರುವುದಕ್ಕಿಂತ ಇದು ಮೇಲು, ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಕಿಟಕಿ ಚೌಕಟ್ಟಿನ ಮೇಲಿರುವ ಸಣ್ಣ ಗಾಳಿಕಂಡಿಗೆ ಟೇಪ್ ಅಂಟಿಸಿದ್ದರೆ ಕಿತ್ತುಹಾಕಿ. ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ಜೋರಾಗಿ ಹೀಟಿಂಗ್ ಹಾಕಿ ನಡುವೆ ಪೂರ್ತಿ ಆರಿಸುವ ಮನೆಗಳಲ್ಲೇ ಬೂಷ್ಟು ಹೆಚ್ಚು, ಏಕೆಂದರೆ ಗಾಳಿ ಬೆಚ್ಚಗಾದರೂ ಗೋಡೆ ಬೆಚ್ಚಗಾಗುವಷ್ಟು ಹೊತ್ತು ಸಿಗುವುದಿಲ್ಲ. ವಯಸ್ಸಾದವರು ಕೂರುವ, ಮಲಗುವ ಕೋಣೆ 18 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಇದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆಯೂ ಹೌದು.

ಇದ್ದ ಬೂಷ್ಟನ್ನು ಒಣ ಬ್ರಷ್ಷಿನಿಂದ ಉಜ್ಜಬೇಡಿ, ಪುಡಿ ಎದ್ದು ಎದೆಗೆ ಹೋಗುತ್ತದೆ. ಬ್ಲೀಚ್ ಇರುವ ಬೂಷ್ಟು ಸ್ಪ್ರೇ ಹೊಡೆದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿ. ಕೈಗವಸು ಹಾಕಿ, ಕಿಟಕಿ ತೆಗೆದಿಡಿ. ಅದರ ಜೊತೆ ವಿನೆಗರ್ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ. ಇಷ್ಟೆಲ್ಲ ಮಾಡಿದರೂ ಮಳೆ ಬಂದ ಮರುದಿನ ಒಂದೇ ಜಾಗದಲ್ಲಿ ಕಲೆ ಹಿಗ್ಗುತ್ತಿದ್ದರೆ ಅದು ಬೆವರಲ್ಲ, ಮೇಲೆ ಗಟರ್ ಕಟ್ಟಿಕೊಂಡಿದೆ. ನೆಲದಿಂದ ಒಂದು ಮೀಟರ್‌ವರೆಗೆ ಮಾತ್ರ ಒದ್ದೆಯಾಗಿ ಬಿಳಿ ಉಪ್ಪು ಕಾಣುತ್ತಿದ್ದರೆ ನೆಲದ ತೇವ ಏರುತ್ತಿದೆ. ಇವೆರಡಕ್ಕೂ ಕಿಟಕಿ ತೆಗೆಯುವುದು ಮದ್ದಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಫೋಟೊ ಸಮೇತ ಲಿಖಿತ ದೂರು ಕೊಡಿ.

ಪ್ರಶ್ನೆ: ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗಿದೆ. ಮಗಳು ಕೆಲಸಕ್ಕೆ ಹೋದ ಮೇಲೆ ನಾನೊಬ್ಬನೇ. ಮುಟ್ಟಬಹುದೇ?

ಉತ್ತರ: ಧಾರಾಳವಾಗಿ. ಮೇಲೆ ಗಾಳಿ ಸೇರಿಕೊಂಡಿದೆ. ಹೀಟಿಂಗ್ ಆರಿಸಿ, ರೇಡಿಯೇಟರ್ ತಣ್ಣಗಾಗಲಿ. ಒಂದು ಮೂಲೆಯ ಮೇಲ್ತುದಿಯಲ್ಲಿ ಚೌಕದ ಸಣ್ಣ ಮೊಳೆ ಇರುತ್ತದೆ. ಅದಕ್ಕೆ ರೇಡಿಯೇಟರ್ ಕೀಲಿ ಹಾಕಿ, ಕೆಳಗೆ ಬಟ್ಟೆ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ ಎಂದು ಗಾಳಿ ಹೋಗಿ ನೀರು ಜಿನುಗಿದ ಕೂಡಲೇ ಮುಚ್ಚಿ. ನೀರು ಕಪ್ಪಗಿರುತ್ತದೆ, ಕಾರ್ಪೆಟ್ ಜೋಪಾನ. ಆಮೇಲೆ ಬಾಯ್ಲರಿನ ಒತ್ತಡದ ಮುಳ್ಳು ನೋಡಿ: ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಕಡಿಮೆಯಿದ್ದರೆ ಕೆಳಗಿನ ತುಂಬುವ ಕೊಳವೆಯ ತಿರುಪುಗಳನ್ನು ನಿಧಾನ ತೆಗೆದು, ಮುಳ್ಳು 1.2ಕ್ಕೆ ಬಂದಾಗ ಎಲ್ಲವನ್ನೂ ಮುಚ್ಚಿ. ವಾರವಾರವೂ ಒತ್ತಡ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಒಳಗಿನ ಹಿಗ್ಗುವ ಪಾತ್ರೆ ಕೆಟ್ಟಿದೆ. ಬಾಯ್ಲರಿನ ಮುಚ್ಚಳ ಬಿಚ್ಚುವ ಕೆಲಸ ಮಾತ್ರ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವ ಗ್ಯಾಸ್ ಕೆಲಸಗಾರರದು.

ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತರೆ ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಹೊರಗೋಡೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಅದರ ನೀರು ಹೆಪ್ಪುಗಟ್ಟಿರುತ್ತದೆ. ಕೈಗೆಟುಕುವ ಎತ್ತರದಲ್ಲಿದ್ದರೆ ಬೆಚ್ಚನೆಯ ನೀರು ಹುಯ್ಯಿರಿ, ಕುದಿಯುವ ನೀರು ಬೇಡ. ಆಮೇಲೆ ರೀಸೆಟ್ ಒತ್ತಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆಗೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.

ಪ್ರಶ್ನೆ: ದೋಸೆ ಹಿಟ್ಟು ಎರಡು ದಿನವಾದರೂ ಉಬ್ಬುವುದಿಲ್ಲ. ಒಗ್ಗರಣೆ ಹಾಕಿದರೆ ಅಲಾರಂ ಕೂಗುತ್ತದೆ. ಊರಿನಿಂದ ತಂದ ಮಿಕ್ಸಿಯನ್ನು ಇಲ್ಲಿನ ಪ್ಲಗ್ಗಿಗೆ ಹೇಗೆ ಹಾಕುವುದು?

ಉತ್ತರ: ಹಿಟ್ಟು ಉಬ್ಬಲು 28ರಿಂದ 32 ಡಿಗ್ರಿ ಬೇಕು, ಚಳಿಗಾಲದ ಅಡುಗೆಮನೆಯಲ್ಲಿ ರಾತ್ರಿ 16 ಕೂಡ ಇರುವುದಿಲ್ಲ. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಅರ್ಧ ಚಮಚ ಮೆಂತ್ಯ. ರುಬ್ಬುವಾಗ ನಲ್ಲಿಯ ತಣ್ಣೀರು ಬಿಟ್ಟು ಉಗುರುಬೆಚ್ಚಗಿನ ನೀರು ಬಳಸಿ. ಉಪ್ಪು ಹುದುಗನ್ನು ನಿಧಾನಿಸುತ್ತದೆ, ಚಳಿಯಲ್ಲಿ ಅದನ್ನು ಹಿಟ್ಟು ಉಬ್ಬಿದ ಮೇಲೆ ಹಾಕಿ. ಪಾತ್ರೆ ಅರ್ಧ ಮಾತ್ರ ತುಂಬಿರಲಿ. ಅದನ್ನು ಅವನ್ನಿನೊಳಗಿಟ್ಟು ದೀಪ ಮಾತ್ರ ಹಾಕಿ. ಹಳೆಯ ಬಲ್ಬ್ ಇದ್ದರೆ ಆ ಬಿಸಿಯೇ ಸಾಕು. ಹೊಸ ಎಲ್‌ಇಡಿ ದೀಪದಿಂದ ಬಿಸಿ ಬರುವುದಿಲ್ಲ, ಅಂಥದ್ದಾದರೆ ಖಾಲಿ ಅವನ್ನನ್ನು ಅತಿ ಕಡಿಮೆ ಉರಿಯಲ್ಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿ, ಆರಿಸಿ, ಆಮೇಲೆ ಪಾತ್ರೆ ಇಡಿ. ಒಳಗೆ ಕೈಯಿಟ್ಟಾಗ ಹಿತವಾಗಿರಬೇಕು. 45 ಡಿಗ್ರಿ ದಾಟಿತೋ, ಹುದುಗು ಸತ್ತುಹೋಗುತ್ತದೆ. 12ರಿಂದ 16 ಗಂಟೆ ಕಾಯಿರಿ. ‘ಒಳಗೆ ಹಿಟ್ಟಿದೆ’ ಎಂದು ಅವನ್ನಿನ ಬಾಗಿಲಿಗೆ ಚೀಟಿ ಅಂಟಿಸುವುದನ್ನು ಮರೆಯಬೇಡಿ. ರಾತ್ರಿ ಪಿಜ್ಜಾಕ್ಕೆಂದು ಮಕ್ಕಳು ಬಂದು ಗುಂಡಿ ತಿರುಗಿಸುತ್ತಾರೆ.

ಬೇಳೆಯ ವಿಷಯದಲ್ಲಿ ಮಾತ್ರ ಶೆಫೀಲ್ಡ್ ಪುಣ್ಯದ ಊರು. ಸುತ್ತಲಿನ ಬೆಟ್ಟದ ಬಯಲುಗಳ ಜಲಾಶಯದಿಂದ ಬರುವ ನೀರು ಮೃದು, ಸುಣ್ಣದಂಶ ಕಡಿಮೆ. ಬೋರ್‌ವೆಲ್ ನೀರಿಗೆ ಹೊಂದಿಸಿಕೊಂಡಿದ್ದ ಸೀಟಿಯಲ್ಲಿ ಒಂದನ್ನು ಕಡಿಮೆ ಮಾಡಬಹುದು. ಇಲ್ಲಿಯೂ ತೊಗರಿಬೇಳೆ ಬೇಯದಿದ್ದರೆ ಬೇಳೆ ಹಳೆಯದು. ಒಲೆ ಇಂಡಕ್ಷನ್ ಆಗಿದ್ದರೆ ಊರಿನ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡುವುದಿಲ್ಲ, ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಕಚ್ಚಿಕೊಂಡರೆ ಮಾತ್ರ ಸರಿ.

ಅಡುಗೆಮನೆಗೆ ಹೊಗೆಯ ಅಲಾರಂ ಅಲ್ಲ, ಬಿಸಿಗೆ ಕೂಗುವ ಹೀಟ್ ಅಲಾರಂ ಇರಬೇಕು. ಒಗ್ಗರಣೆಗೆ ಕೂಗುತ್ತಿರುವುದು ಹಜಾರದ ಹೊಗೆ ಅಲಾರಂ ಆಗಿರಬಹುದು. ಅದಕ್ಕೆ ಬಾಗಿಲು ಮುಚ್ಚಿ ಒಗ್ಗರಣೆ ಹಾಕಿ, ಬ್ಯಾಟರಿ ತೆಗೆದಿಡಬೇಡಿ. ಮಿಕ್ಸಿಗೆ ಅಗ್ಗದ ಅಡಾಪ್ಟರ್ ಬೇಡ, ಪ್ಲಗ್ಗನ್ನೇ ಬದಲಿಸಿ. 700 ವಾಟ್‌ವರೆಗಿನ ಉಪಕರಣಕ್ಕೆ 3 ಆಂಪ್ ಫ್ಯೂಸ್, ಅದಕ್ಕಿಂತ ಮೇಲಿನದಕ್ಕೆ 13 ಆಂಪ್. 750 ವಾಟ್ ಮಿಕ್ಸಿಗೆ 13ರದ್ದೇ ಬೇಕು. ಪ್ಲಗ್ ಬಿಚ್ಚಿ ಎದುರಿಗೆ ಹಿಡಿದಾಗ ಹಸಿರು-ಹಳದಿ ತಂತಿ ಮೇಲಕ್ಕೆ, ಕಂದು ಬಲಕ್ಕೆ ಫ್ಯೂಸ್ ಇರುವ ಕಡೆ, ನೀಲಿ ಎಡಕ್ಕೆ. ಹಳೆಯ ಮಿಕ್ಸಿಯ ತಂತಿ ಕೆಂಪು, ಕಪ್ಪು, ಹಸಿರು ಇದ್ದರೆ ಕೆಂಪು ಕಂದಿನ ಜಾಗಕ್ಕೆ, ಕಪ್ಪು ನೀಲಿಯ ಜಾಗಕ್ಕೆ. ಸಾಲು ಮನೆಗಳ ನಡುಗೋಡೆ ಸದ್ದನ್ನು ತಡೆಯುವುದಿಲ್ಲ, ಬೆಳಿಗ್ಗೆ ಆರಕ್ಕೆ ಚಟ್ನಿ ರುಬ್ಬುವ ಅಭ್ಯಾಸ ಬಿಡುವುದು ಒಳ್ಳೆಯದು. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಚಳಿಗೆ ಕೊಳವೆಯಲ್ಲೇ ಗಟ್ಟಿಯಾಗುತ್ತದೆ.

ಪ್ರಶ್ನೆ: ಪಕ್ಕದ ಮನೆಯ ಹಿರಿಯರು ಬಸ್ಸಿನಲ್ಲಿ ಪಾಸ್ ತೋರಿಸಿ ಪುಕ್ಕಟೆ ಓಡಾಡುತ್ತಾರೆ. ನನಗೂ 68 ವರ್ಷ, ಸಂದರ್ಶಕ ವೀಸಾ. ನನಗೆ ಸಿಗುತ್ತದೆಯೇ? ಮೊಣಕಾಲು ನೋವಿರುವವರು ಈ ಏರುಗಳಲ್ಲಿ ಎಲ್ಲಿ ನಡೆಯುವುದು?

ಉತ್ತರ: ಸಿಗುವುದಿಲ್ಲ. ಆ ಪಾಸ್ ಇಂಗ್ಲೆಂಡಿನಲ್ಲೇ ಮುಖ್ಯ ವಾಸವಿದ್ದು, ಸರ್ಕಾರಿ ಪಿಂಚಣಿಯ ವಯಸ್ಸು ತಲುಪಿದವರಿಗೆ. ಈ ವಯಸ್ಸು 66 ಇದ್ದದ್ದು 2026ರಿಂದ 2028ರ ನಡುವೆ 67ಕ್ಕೆ ಏರುತ್ತಿದೆ. ಪಾಸ್ ಇರುವವರಿಗೆ ದೇಶದ ಕನಿಷ್ಠ ನಿಯಮ: ಕೆಲಸದ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 11, ಶನಿವಾರ, ಭಾನುವಾರ, ಬ್ಯಾಂಕ್ ರಜೆಗಳಲ್ಲಿ ಇಡೀ ದಿನ. ಇಂಗ್ಲೆಂಡಿನ ಯಾವ ಊರಿನ ಸ್ಥಳೀಯ ಬಸ್ಸಿನಲ್ಲೂ ನಡೆಯುತ್ತದೆ.

ನಿಮ್ಮಂಥ ಸಂದರ್ಶಕರಿಗೆ ಉಳಿಯುವುದು ಸೀನಿಯರ್ ರೈಲ್‌ಕಾರ್ಡ್. 60 ದಾಟಿದ್ದರೆ ಸಾಕು. ಪಾಸ್‌ಪೋರ್ಟ್ ಹಿಡಿದು ಸ್ಟೇಷನ್ನಿನ ಟಿಕೆಟ್ ಕೌಂಟರಿಗೆ ಹೋಗಿ. ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಶೆಫೀಲ್ಡ್‌ನಿಂದ ಹೋಪ್ ವ್ಯಾಲಿ ಮಾರ್ಗದ ರೈಲು ಗ್ರಿಂಡಲ್‌ಫರ್ಡ್, ಹ್ಯಾದರ್‌ಸೇಜ್, ಈಡೇಲ್ ಮೂಲಕ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ನಡುವೆಯೇ ಹೋಗುತ್ತದೆ. ಕಿಟಕಿ ಪಕ್ಕ ಕೂತು ಹೋಗಿಬರುವುದೂ ಒಂದು ದಿನದ ಕೆಲಸವೇ. ಕ್ಯಾಸಲ್‌ಟನ್‌ಗೆ 272ನೇ ನಂಬರ್ ಬಸ್ಸಿದೆ.

ಏರುಗಳ ವಿಷಯದಲ್ಲಿ ಒಂದು ಮಾತು. ಹತ್ತುವಾಗ ದುಡಿಯುವುದು ಎದೆ, ಇಳಿಯುವಾಗ ಪೆಟ್ಟು ತಿನ್ನುವುದು ಮೊಣಕಾಲು. ಹೃದಯದ ತೊಂದರೆ ಇರುವವರು ಬಸ್ಸಿನಲ್ಲಿ ಮೇಲೆ ಹೋಗಿ ನಡೆದು ಇಳಿಯಲಿ. ನಿಮ್ಮಂತೆ ಮೊಣಕಾಲು ನೋವಿರುವವರು ಅದಕ್ಕೆ ತದ್ವಿರುದ್ಧ ಮಾಡಬೇಕು. ಮಟ್ಟಸವಾದ ದಾರಿ ಬೇಕೆಂದರೆ ವಿಕ್ಟೋರಿಯಾ ಕೀಸ್‌ನಿಂದ ಟಿನ್ಸ್‌ಲಿ ಕಡೆಗೆ ಹೋಗುವ ಕಾಲುವೆಯ ದಂಡೆ ಇದೆ. 1819ರ ಕಾಲುವೆ, ನೀರು ಮಟ್ಟಸವಾಗಿರಲೇಬೇಕಾದ್ದರಿಂದ ದಾರಿಯೂ ಮಟ್ಟಸ. ಎಂಡ್‌ಕ್ಲಿಫ್ ಪಾರ್ಕಿನಿಂದ ಪೋರ್ಟರ್ ತೊರೆಯ ಪಕ್ಕದಲ್ಲೇ ಫೋರ್ಜ್ ಡ್ಯಾಮ್‌ವರೆಗೆ ಹೋಗುವ ದಾರಿ ಮೆಲ್ಲನೆ ಏರುತ್ತದೆ, ಎರಡೂ ತುದಿಯಲ್ಲಿ ಕೆಫೆ ಇದೆ. ನಡುವೆ ಶೆಪರ್ಡ್ ವೀಲ್ ಎಂಬ, ನೀರಿನ ಚಕ್ರದಿಂದ ಚಾಕು ಸಾಣೆ ಹಿಡಿಯುತ್ತಿದ್ದ ಹಳೆಯ ಕಮ್ಮಟವಿದೆ. ಕೆಟ್ಟ ಹವೆಯ ದಿನ ನಗರದ ಮಧ್ಯದ ವಿಂಟರ್ ಗಾರ್ಡನ್‌ಗೆ ಹೋಗಿ. ಗಾಜಿನ ಚಾವಣಿ, ಒಳಗೆ ಗಿಡಮರ, ಬೆಂಚು, ಪ್ರವೇಶ ಉಚಿತ. ಅಲ್ಲಿಂದ ಹಾಗೇ ಮಿಲೇನಿಯಂ ಗ್ಯಾಲರಿಗೆ ದಾಟಬಹುದು.

ಜಾರಿ ಬೀಳುವುದಕ್ಕೆ ಹಿಮವೇ ಬೇಕಿಲ್ಲ, ಅಕ್ಟೋಬರ್–ನವೆಂಬರಿನ ಒದ್ದೆ ಎಲೆ ಸಾಕು. ಬೀದಿ ಮೂಲೆಗಳಲ್ಲಿ ಉಪ್ಪು-ಮರಳಿನ ಪೆಟ್ಟಿಗೆ ಇಟ್ಟಿರುತ್ತಾರೆ, ಅದು ಸಾರ್ವಜನಿಕ ರಸ್ತೆ, ಕಾಲುದಾರಿಗೆ ಹಾಕಲು. ಮೆಟ್ಟಿಲ ಮೇಲಿನ ಮಂಜಿಗೆ ಬಿಸಿನೀರು ಹುಯ್ದರೆ ಅರ್ಧ ಗಂಟೆಯಲ್ಲಿ ಅದೇ ಗಾಜಿನ ಹಾಳೆಯಾಗುತ್ತದೆ. ಶೂಗೆ ತೊಡಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ, ಅಂಗಡಿಯೊಳಗೆ ಹೋಗುವ ಮುಂಚೆ ಬಿಚ್ಚಿ. ಟೈಲ್ಸ್ ಮೇಲೆ ಅದೇ ಬೀಳಿಸುತ್ತದೆ.

ಪ್ರಶ್ನೆ: ಸಂದರ್ಶಕರು ಡಾಕ್ಟರ ಬಳಿ ಹೋದರೆ ಸಾವಿರಾರು ಪೌಂಡ್ ಬಿಲ್ ಬರುತ್ತದೆ ಎಂದು ಹೆದರಿಸುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಮನೆ ಹತ್ತಿರದ ಜಿ.ಪಿ. ಎಂಬ ಸಾಮಾನ್ಯ ವೈದ್ಯರ ಬಳಿ ನೋಂದಾಯಿಸುವುದು, ತೋರಿಸುವುದು ವೀಸಾ ಯಾವುದಾದರೂ ಉಚಿತ. ಇಷ್ಟೇ ದಿನಕ್ಕೆ ಬಂದವರು ಎಂದಾದರೆ ತಾತ್ಕಾಲಿಕ ನೋಂದಣಿ ಕೊಡಬಹುದು. ಎ ಅಂಡ್ ಇ ಎಂಬ ತುರ್ತು ವಿಭಾಗದ ಚಿಕಿತ್ಸೆಯೂ ಉಚಿತ. ಅಲ್ಲಿಂದ ವಾರ್ಡಿಗೆ ದಾಖಲಿಸಿದ ಕ್ಷಣದಿಂದ, ಅಥವಾ ತಜ್ಞರ ಹೊರರೋಗಿ ವಿಭಾಗಕ್ಕೆ ಕಳಿಸಿದರೆ, ಸಂದರ್ಶಕರಿಗೆ ದರ ಶುರು. ಅದು ಎನ್‌ಎಚ್‌ಎಸ್ ಎಂಬ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಸ್ವಂತ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಮೇಲ್ಪಟ್ಟ ಬಾಕಿ ಉಳಿಸಿ ಹೋದರೆ ಮುಂದಿನ ವೀಸಾಕ್ಕೆ ತೊಡಕು. ಪ್ರಯಾಣ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ, ಬಿ.ಪಿ. ಮುಚ್ಚಿಟ್ಟು ಕಂತು ಉಳಿಸುವವರು ಇಲ್ಲೇ ಸಿಕ್ಕಿಬೀಳುವುದು.

ಶೆಫೀಲ್ಡ್‌ನಲ್ಲಿ ಮಾಡುವ ದೊಡ್ಡ ತಪ್ಪು ಬೇರೆ. ಬ್ರೂಮ್‌ಹಿಲ್ ಹತ್ತಿರದ ರಾಯಲ್ ಹ್ಯಾಲಂಶೈರ್ ಆಸ್ಪತ್ರೆಯ ಎತ್ತರದ ಕಟ್ಟಡ ಊರಿಗೆಲ್ಲ ಕಾಣುತ್ತದೆ, ಎದೆನೋವು ಬಂದವರನ್ನು ಮನೆಯವರು ಅಲ್ಲಿಗೆ ಕರೆದೊಯ್ಯುತ್ತಾರೆ. ದೊಡ್ಡವರ ತುರ್ತು ವಿಭಾಗ ಅಲ್ಲಿಲ್ಲ, ಅದಿರುವುದು ಊರಿನ ಉತ್ತರಕ್ಕೆ ನಾರ್ದರ್ನ್ ಜನರಲ್ ಆಸ್ಪತ್ರೆಯಲ್ಲಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇವಕ್ಕೆ ಕಾರು ತೆಗೆಯದೆ 999 ಒತ್ತಿ. ರಾತ್ರಿ ಜ್ವರಕ್ಕೆ, ಏನು ಮಾಡಲಿ ಎಂಬ ಅನುಮಾನಕ್ಕೆ 111. ಗಂಟಲು ನೋವು, ಸೈನಸ್, ಸರ್ಪಸುತ್ತು, ಕೀಟ ಕಚ್ಚಿ ಕೀವಾದದ್ದು ಇವನ್ನು ಫಾರ್ಮಸಿಯವರೇ ನೋಡಿ ಅಗತ್ಯವಿದ್ದರೆ ಆಂಟಿಬಯೋಟಿಕ್ (ಸರ್ಪಸುತ್ತಿಗಾದರೆ ವೈರಸ್ ನಿರೋಧಕ ಗುಳಿಗೆ) ಕೊಡುವ ವ್ಯವಸ್ಥೆ 2024ರಿಂದ ಇದೆ.

ಊರಿನ ಗುಳಿಗೆಯ ಬ್ರಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಮೂಲ ಔಷಧದ ಹೆಸರು, ಮಿಲಿಗ್ರಾಂ ಬರೆದ ಚೀಟಿ ಚೀಲದಲ್ಲಿರಲಿ. ನಮ್ಮಲ್ಲಿ 650 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ರೂಢಿ, ಅಲ್ಲಿಯದು 500. ಅದು ದಿನಕ್ಕೆ ಎಂಟಕ್ಕಿಂತ ಹೆಚ್ಚು ಕೂಡದು, ಎರಡನ್ನೂ ಬೆರೆಸಿ ನುಂಗಿ ಲೆಕ್ಕ ತಪ್ಪಬೇಡಿ. ಇಂಗ್ಲಿಷ್ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕೇಳುವಾಗಲೇ ಕನ್ನಡದ ದುಭಾಷಿ ಬೇಕೆಂದು ಹೇಳಿ, ಅದಕ್ಕೆ ಹಣವಿಲ್ಲ. ಮೊಮ್ಮಗಳ ಬಾಯಲ್ಲಿ ಮೂತ್ರದ ತೊಂದರೆ ಹೇಳಿಸುವುದು ಇಬ್ಬರಿಗೂ ಮುಜುಗರ.

ಪ್ರಶ್ನೆ: ನಲವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಬಸ್ ಡ್ರೈವರ್ ಹೇಳಿದ್ದು ಒಂದೂ ತಿಳಿಯುವುದಿಲ್ಲ!

ಉತ್ತರ: ತಪ್ಪು ನಿಮ್ಮದಲ್ಲ ಮೇಡಂ, ಲಂಡನ್ನಿನವರಿಗೂ ತಿಳಿಯುವುದಿಲ್ಲ. ‘ಏಯ್ ಅಪ್’ ಎಂದರೆ ನಮಸ್ಕಾರ. ‘ಲವ್’, ‘ಡಕ್’ ಎಂದು ಕರೆದರೆ ‘ಅಮ್ಮಾ’, ‘ಅಕ್ಕಾ’ ಎಂದಂತೆ, ಗಂಡಸರು ಗಂಡಸರನ್ನೂ ಹಾಗೆ ಕರೆಯುತ್ತಾರೆ. ‘ನೆಶ್’ ಎಂದರೆ ಸ್ವಲ್ಪ ಚಳಿಗೇ ನಡುಗುವವರು, ಈ ಬಿರುದು ನಮಗೆ ಬೇಗ ಸಿಗುತ್ತದೆ. ‘ಜೆನ್ನಲ್’ ಮನೆಗಳ ನಡುವಿನ ಸಂದಿ. ‘ಬ್ರೆಡ್‌ಕೇಕ್’ ಕೇಕಲ್ಲ, ದುಂಡನೆಯ ಬನ್ನು. ಹಳಬರ ಬಾಯಲ್ಲಿ ‘ಸ್ಪೈಸ್’ ಎಂದರೆ ಮಸಾಲೆಯಲ್ಲ, ಮಕ್ಕಳ ಮಿಠಾಯಿ. ‘ನೈನ್ ವೈಲ್ ಫೈವ್’ ಎಂದರೆ ಒಂಬತ್ತರಿಂದ ಐದರವರೆಗೆ. ಸಂಜೆ ಐದೂವರೆಗೆ ‘ಟೀ’ಗೆ ಕರೆದರೆ ಊಟ ಮಾಡಿಕೊಂಡು ಹೋಗಬೇಡಿ, ಅದೇ ರಾತ್ರಿಯೂಟ.

ಸಸ್ಯಾಹಾರಿಗಳಿಗೆ ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ಯಾರ್ಕ್‌ಶೈರಿನ ಎಷ್ಟೋ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದು ದನದ ಕೊಬ್ಬಿನಲ್ಲಿ. ‘ವೆಜಿಟಬಲ್ ಆಯಿಲ್?’ ಎಂದು ಮೊದಲೇ ಕೇಳಿ. ವೂಸ್ಟರ್ ಸಾಸ್‌ಗೆ ಸಾಮಾನ್ಯವಾಗಿ ಮೀನು ಹಾಕುತ್ತಾರೆ, ಶೆಫೀಲ್ಡ್‌ನದೇ ಆದ ಹೆಂಡರ್‌ಸನ್ಸ್ ರೆಲಿಶ್‌ನಲ್ಲಿ ಮೀನಿಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಮಧ್ಯಾಹ್ನವೇ ನಿದ್ದೆ, ರಾತ್ರಿ ಎಚ್ಚರ. ಜೊತೆಗೆ, ಮೊಬೈಲಿನಲ್ಲಿ ಕನ್ನಡ ಸುದ್ದಿ ನೋಡಲು ಲೈಸೆನ್ಸ್ ಬೇಕೆನ್ನುತ್ತಾರಲ್ಲ?

ಉತ್ತರ: ಆ ತಿಂಗಳು ಸೂರ್ಯ ಏಳುವುದು ಎಂಟೂಕಾಲರ ಸುಮಾರಿಗೆ, ಹಗಲು ಏಳೂವರೆ ಗಂಟೆ ಮಾತ್ರ. ಊಟದ ನಂತರ ಮಲಗಿದರೆ ಇದ್ದ ಬೆಳಕೂ ಹೋಯಿತು. ಹತ್ತರಿಂದ ಹನ್ನೆರಡರೊಳಗೆ ಅರ್ಧ ಗಂಟೆ ಹೊರಗಿರಿ, ಮೋಡವಿದ್ದರೂ ಮನೆಯ ದೀಪಕ್ಕಿಂತ ಆ ಬೆಳಕು ಎಷ್ಟೋ ಪಾಲು ಹೆಚ್ಚು. ಆದರೆ ಆ ಬಿಸಿಲಿನಿಂದ ವಿಟಮಿನ್ ಡಿ ಸಿಗುವುದಿಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ತೆಗೆದುಕೊಳ್ಳಿ ಎಂಬುದು ಅಲ್ಲಿನ ಸರ್ಕಾರಿ ಸಲಹೆ. ನಮ್ಮ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕು.

ಲೈಸೆನ್ಸ್ ಬೇಕು. ಯಾವ ದೇಶದ ವಾಹಿನಿಯಾದರೂ ಪ್ರಸಾರವಾಗುತ್ತಿರುವ ಹೊತ್ತಿಗೇ ನೋಡುವುದಾದರೆ, ಟಿ.ವಿ.ಯಲ್ಲಾಗಲಿ ಮೊಬೈಲಿನಲ್ಲಾಗಲಿ, ಮನೆಗೆ ಟಿ.ವಿ. ಲೈಸೆನ್ಸ್ ಇರಬೇಕು. ಮಗನ ಮನೆಗೆ ಇದ್ದರೆ ಅದೇ ನಿಮಗೂ ಸಾಕು. ಪ್ರಸಾರ ಮುಗಿದ ಮೇಲೆ ಯೂಟ್ಯೂಬಿಗೆ ಹಾಕಿದ ಧಾರಾವಾಹಿಗೆ ಬೇಡ. ಇನ್ನು ಸಮಯದ ಲೆಕ್ಕ: ಚಳಿಗಾಲದಲ್ಲಿ ನಮ್ಮ ರಾತ್ರಿ ಒಂಬತ್ತರ ವಾರ್ತೆ ಅಲ್ಲಿ ಮಧ್ಯಾಹ್ನ ಮೂರೂವರೆಗೆ, ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಮುಂದೆ ಹೋದ ಮೇಲೆ ನಾಲ್ಕೂವರೆಗೆ.